ರಸೀದಿ ಅಂದರೆ ‘ತಲುಪಿತು’

ರಸೀದಿ ಪಾರ್ಸಿಯಿಂದ ಬಂದ ಪದ. ಅಲ್ಲಿ ‘ರಸೀದ್’ ಅಂದರೆ ‘ತಲುಪಿತು’. ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗಳು ನೆನಪಿಡಬೇಕಾದ್ದು ಈ ಮೂಲ ಅರ್ಥವನ್ನೇ. ದುಡ್ಡು ನಿಮ್ಮ ಖಾತೆಯಿಂದ ಯಾರಿಗೆ ಹೋಯಿತು ಅಂತ ಬ್ಯಾಂಕಿನ ಲೆಕ್ಕ ಹೇಳುತ್ತದೆ, ಆದರೆ ಯಾತಕ್ಕೆ ಹೋಯಿತು? ಜೂನ್ ಬಾಡಿಗೆಯೋ, ಅಡ್ವಾನ್ಸೋ, ಕರೆಂಟ್ ಬಿಲ್ಲೋ? ಇಂಥ ಮನೆಯ ಇಂಥ ತಿಂಗಳ ಬಾಡಿಗೆ, ಇಷ್ಟು ಹಣ, ಇಂಥವರಿಂದ ಈ ದಿನ ನನಗೆ ತಲುಪಿತು ಅಂತ ಪಡೆದವರೇ ಸಹಿ ಹಾಕಿ ಕೊಡುವ ಚೀಟಿ ರಸೀದಿ.

ಇದರ ಜೋಡಿ ಪದ ಕರಾರು. ಅದು ಅರಬ್ಬಿ ಮೂಲದ್ದು. ನೆಲೆ ನಿಂತದ್ದು, ಗಟ್ಟಿಯಾದದ್ದು ಅಂತ ಅರ್ಥ. ಕೊಡಬೇಕಾದ್ದನ್ನು ಕರಾರು ಹೇಳುತ್ತದೆ, ಕೊಟ್ಟದ್ದನ್ನು ರಸೀದಿ ಹೇಳುತ್ತದೆ.

ವಿದ್ಯಾರ್ಥಿಗಳಿಗೆ ತೊಂದರೆ ಶುರುವಾಗುವುದು ಹೆಸರಿನಲ್ಲಿ. ಮೂವರು ಸೇರಿ ಮನೆ ಹಿಡಿಯುತ್ತಾರೆ, ಕರಾರು ಒಬ್ಬರ ಹೆಸರಲ್ಲಿ ಆಗುತ್ತದೆ, ಉಳಿದಿಬ್ಬರು ತಮ್ಮ ಪಾಲನ್ನು ಆ ಗೆಳೆಯನಿಗೆ ಕಳಿಸುತ್ತಾ ಹೋಗುತ್ತಾರೆ. ಮಾಲೀಕರ ಲೆಕ್ಕದಲ್ಲಿ ಆ ಇಬ್ಬರು ಇಲ್ಲವೇ ಇಲ್ಲ! ಅಡ್ವಾನ್ಸ್ ವಾಪಸ್ ಕೊಡುವಾಗ ಅದು ಹೆಸರಿದ್ದವನ ಕೈಗೇ ಹೋಗುತ್ತದೆ, ಅಲ್ವಾ? ಹಾಗಾದರೆ ಮೂವರೂ ಸಹಿ ಹಾಕಿದರೆ ಸಾಕೇ? ಅಲ್ಲೂ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಅನ್ನುವ ಮಾತು ಇದೆಯಾ ನೋಡಿ. ಇದ್ದರೆ, ಒಬ್ಬ ಬಾಡಿಗೆ ಕೊಡದೆ ಹೊರಟುಹೋದಾಗ ಪೂರ್ತಿ ಬಾಕಿಯನ್ನು ನಿಮ್ಮೊಬ್ಬರ ಹತ್ತಿರವೇ ಕೇಳಬಹುದು. ನನ್ನ ಪಾಲು ಕೊಟ್ಟಿದ್ದೇನೆ ಅನ್ನುವ ಮಾತು ಆಗ ನಡೆಯುವುದಿಲ್ಲ.

ಮನೆಯವರು ತಮ್ಮ ಖಾತೆಯಿಂದ ಬಾಡಿಗೆ ಕಟ್ಟುತ್ತಿದ್ದರೆ, ರಸೀದಿಯಲ್ಲಿ ‘ಇಂಥವರ ಪರವಾಗಿ’ ಅಂತ ನಿಮ್ಮ ಹೆಸರು ಬರೆಸಿಕೊಳ್ಳಿ.

ರಸೀದಿ ಕೇಳಿದರೆ ಅನುಮಾನ ಪಟ್ಟಹಾಗೆ ಆಗುತ್ತದೆ ಅಂತ ಎಷ್ಟೋ ಮಕ್ಕಳು ನಗದು ಕೊಟ್ಟು ಸುಮ್ನೆ ಬಂದುಬಿಡುತ್ತಾರೆ. ದಯವಿಟ್ಟು ಈ ಸಂಕೋಚ ಬೇಡ. ಚೀಟಿ ಸಿಗದಿದ್ದರೆ ಅಲ್ಲೇ ನಿಂತು ಒಂದು ಮೆಸೇಜ್ ಕಳಿಸಿ, ಯಾವ ತಿಂಗಳದ್ದು, ಎಷ್ಟು ಅಂತ ಬರೆದು, ‘ಬಂತು’ ಅನ್ನುವ ಉತ್ತರ ತರಿಸಿಕೊಳ್ಳಿ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ.

ಅಡ್ವಾನ್ಸ್ ಕೈಗೆ ಬರುವವರೆಗೂ ಇವನ್ನೆಲ್ಲ ಜೋಪಾನ ಮಾಡಿ. ಆ ದಿನ ಮಾಲೀಕರೂ ನಿಮ್ಮಿಂದ ಒಂದು ರಸೀದಿ ಕೇಳಬಹುದು, ಅದು ಅವರ ಹಕ್ಕು. ‘ತಲುಪಿತು’ ಅಂತ ಬರೆಯುವ ಸರದಿ ಆಗ ನಿಮ್ಮದು. ಹಣ ಎಣಿಸಿಕೊಂಡ ಮೇಲೆ ಸಹಿ ಹಾಕಿ.