ತೊಗಟೆ ಎಂದರೆ ಬರೀ ಸತ್ತ ಚರ್ಮವಲ್ಲ

‘ತೊಗಟೆ ಮರದ ಸತ್ತ ಚರ್ಮ, ಸುಲಿದರೂ ಮತ್ತೆ ಬರುತ್ತದೆ’ ಎಂಬ ವಾಕ್ಯವನ್ನು ಎಷ್ಟು ಕಡೆ ಓದಬೇಕೋ ತಿಳಿಯದು. ಈಚೆಗೆ ಮೈಸೂರಿನ ಉದ್ಯಾನವೊಂದರ ಫಲಕದಲ್ಲಿಯೂ ಅದೇ ಮಾತು ಕಂಡಿತು. ಸತ್ತದ್ದೆಂಬುದು ತೊಗಟೆಯ ಹೊರಭಾಗಕ್ಕೆ ಮಾತ್ರ ಸಲ್ಲುವ ಮಾತು. ಸಸ್ಯವಿಜ್ಞಾನದಲ್ಲಿ ತೊಗಟೆ ಎಂದರೆ ಕಾಂಡವನ್ನು ದಪ್ಪವಾಗಿಸುವ ಕ್ಯಾಂಬಿಯಂ ಎಂಬ ತೆಳುಪದರದಿಂದ ಹೊರಗಿರುವುದೆಲ್ಲವೂ. ಅದರ ಒಳಭಾಗದಲ್ಲಿರುವುದು ಫ್ಲೋಯಂ, ಅಂದರೆ ಎಲೆಗಳು ತಯಾರಿಸಿದ ಸಕ್ಕರೆಯನ್ನು ಬೇರಿನವರೆಗೆ ಇಳಿಸುವ ಜೀವಂತ ಅಂಗಾಂಶ. ಅದಿಲ್ಲದೆ ಮರವಿಲ್ಲ.

ಈ ಗೊಂದಲದಲ್ಲಿ ಪದದ ಹುಟ್ಟಿನ ಪಾಲೂ ಸ್ವಲ್ಪ ಇದೆ. ತೊಗಟೆಯೂ ತೊಗಲೂ ಒಂದೇ ಮೂಲದಿಂದ ಬಂದವು. ತಮಿಳು, ತೆಲುಗುಗಳ ‘ತೋಲು’ ಇವಕ್ಕೆ ನಂಟು. ತೊಗಲುಗೊಂಬೆ, ತೊಗಲಿನ ಚೀಲ ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಸುಲಿದು ಹದಮಾಡಿದ ಚರ್ಮ, ಆದ್ದರಿಂದ ತೊಗಟೆಯನ್ನೂ ಅದೇ ಕಣ್ಣಿನಿಂದ ನೋಡುತ್ತೇವೆ. ಆದರೆ ತೊಗಟೆಯ ಒಳಗಿನ ಪದರವನ್ನು ಕನ್ನಡ ಮರೆತಿಲ್ಲ. ಅಲ್ಲಿಂದ ಬರುವುದಕ್ಕೆ ‘ನಾರು’ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡಿದೆ. ಪುಂಡಿಯ, ಸೆಣಬಿನ ದಂಟನ್ನು ನೀರಿನಲ್ಲಿ ಕೊಳೆಯಹಾಕಿ ಎಳೆದು ತೆಗೆಯುವ ನಾರು ಒಳತೊಗಟೆಯದೇ. ವನವಾಸಕ್ಕೆ ಹೊರಟ ರಾಮ ಉಟ್ಟದ್ದು ಸಂಸ್ಕೃತದಲ್ಲಿ ವಲ್ಕಲ, ಅಂದರೆ ತೊಗಟೆ. ಕನ್ನಡಿಗರು ಅದನ್ನು ‘ತೊಗಟೆಮಡಿ’ ಎನ್ನದೆ ‘ನಾರುಮಡಿ’ ಎಂದರು, ಮತ್ತು ಅದೇ ಸರಿ, ಏಕೆಂದರೆ ಬಿರುಕುಬಿಟ್ಟ ಹೊರತೊಗಟೆಯಿಂದ ಬಟ್ಟೆಯಾಗುವುದಿಲ್ಲ. ಅಡುಗೆಮನೆಯ ಚಕ್ಕೆಯೂ ಇದಕ್ಕೆ ಸಾಕ್ಷಿ. ದಾಲ್ಚಿನ್ನಿಯ ಕೊಂಬೆಯ ಒರಟಾದ ಹೊರಪದರವನ್ನು ಹೆರೆದು ಹಾಕಿ, ಒಳತೊಗಟೆಯನ್ನು ಬಿಡಿಸಿ ಒಣಗಿಸಿದಾಗ ಅದು ಸುರುಳಿಯಾಗುತ್ತದೆ. ಪಲಾವಿಗೆ ಹಾಕುವುದು ಆ ಸುರುಳಿಯನ್ನು.

ಒಳತೊಗಟೆಯ ಕೆಲಸವನ್ನು ಕಣ್ಣಾರೆ ನೋಡಬೇಕಾದರೆ ಸೀಬೆಗೆ ಅಥವಾ ದಾಳಿಂಬೆಗೆ ಗೂಟಿ ಕಟ್ಟುವವರ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಹೊಸ ಸಸಿ ಮಾಡುವವರ ಬಳಿ ನಿಲ್ಲಬೇಕು. ಕೊಂಬೆಯ ಸುತ್ತ ಸುಮಾರು ಒಂದು ಅಂಗುಲ ಅಗಲದ ತೊಗಟೆಯನ್ನು ಉಂಗುರದಂತೆ ತೆಗೆದು, ಬೆತ್ತಲಾದ ಮರವನ್ನು ಚಾಕುವಿನಿಂದ ಕೆರೆದು, ಒದ್ದೆ ಪಾಚಿಯಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ. ಕೊಂಬೆಯ ಎಲೆಗಳು ಬಾಡುವುದಿಲ್ಲ, ಏಕೆಂದರೆ ನೀರು ಒಳಗಿನ ಮರದ ಮೂಲಕ ಏರುತ್ತಲೇ ಇರುತ್ತದೆ. ಕೆಳಗಿಳಿಯಬೇಕಾದ ಸಕ್ಕರೆ ಮಾತ್ರ ಉಂಗುರದ ಮೇಲಂಚಿನಲ್ಲಿ ತಡೆದು ನಿಲ್ಲುತ್ತದೆ; ಅಲ್ಲಿಯೇ ಬೇರು ಮೂಡುತ್ತದೆ. ಇದೇ ಉಂಗುರವನ್ನು ಬುಡದಲ್ಲಿ, ಕಾಂಡದ ಸುತ್ತಲೂ ತೆಗೆದರೆ ಬೇರುಗಳು ಉಪವಾಸ ಬೀಳುತ್ತವೆ. ಮರ ಕೆಲವು ತಿಂಗಳು ಹಸಿರಾಗಿಯೇ ಇದ್ದು ಆಮೇಲೆ ಒಣಗುವುದರಿಂದ, ಸುಲಿದದ್ದಕ್ಕೂ ಒಣಗಿದ್ದಕ್ಕೂ ಇರುವ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಸಾಲುಮರಗಳಿಗೆ ಬಿಗಿದು ಮರೆತ ಕೇಬಲ್ಲು, ತಂತಿಗಳು ಕಾಂಡ ದಪ್ಪವಾದಂತೆ ಒಳಕ್ಕೆ ಕೊರೆದು ಮಾಡುವುದೂ ಇದನ್ನೇ.

ಇನ್ನು ಹೊರತೊಗಟೆ. ಎಳೆಯ ಕಾಂಡ ದಪ್ಪವಾಗತೊಡಗಿದಾಗ ಅದರ ಮೊದಲ ಹೊದಿಕೆ ಹಿಗ್ಗಲಾರದೆ ಹರಿಯುತ್ತದೆ. ಅಷ್ಟರಲ್ಲಿ ಅದರ ಕೆಳಗೆ ಕಾರ್ಕ್ ಕ್ಯಾಂಬಿಯಂ ಎಂಬ ಇನ್ನೊಂದು ಪದರ ಹುಟ್ಟಿ, ಹೊರಮುಖವಾಗಿ ಕಾರ್ಕ್ ಕೋಶಗಳನ್ನು ಸಾಲುಸಾಲಾಗಿ ಜೋಡಿಸತೊಡಗುತ್ತದೆ. ಈ ಕೋಶಗಳ ಗೋಡೆಗೆ ಸುಬೆರಿನ್ ಎಂಬ ಮೇಣದಂಥ ವಸ್ತು ಸೇರುತ್ತದೆ. ಆಮೇಲೆ ಕೋಶ ಸತ್ತು ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ನೀರು ಹೊರಹೋಗದಂತೆ, ಶಿಲೀಂಧ್ರ ಒಳಬರದಂತೆ ತಡೆಯುವುದು ಈ ಸತ್ತ ಕೋಶಗಳೇ. ಒಳಗಿನ ಜೀವಕೋಶಗಳು ಉಸಿರಾಡಲು ಅಲ್ಲಲ್ಲಿ ಸಡಿಲವಾದ ಬಾಯಿಗಳು ಉಳಿದಿರುತ್ತವೆ. ಹಿಪ್ಪುನೇರಳೆಯ ಕಡ್ಡಿಯ ಮೇಲೆ ಬೆರಳಾಡಿಸಿದರೆ ತರಿತರಿಯಾಗಿ ಸಿಗುವ ಚುಕ್ಕಿಗಳು ಅವೇ. ರೇಷ್ಮೆ ಬೆಳೆಗಾರರು ಅವನ್ನು ದಿನವೂ ಮುಟ್ಟುತ್ತಿರುತ್ತಾರೆ.

ಬಹುತೇಕ ಮರಗಳಲ್ಲಿ ಮೊದಲ ಕಾರ್ಕ್ ಪದರ ಸಾಕಾಗುವುದಿಲ್ಲ. ಇನ್ನೂ ಒಳಗೆ, ಹಳೆಯ ಫ್ಲೋಯಂನಲ್ಲಿಯೇ ಹೊಸ ಕಾರ್ಕ್ ಕ್ಯಾಂಬಿಯಂ ಹುಟ್ಟುತ್ತದೆ, ಅದರ ಹೊರಗಿದ್ದದ್ದೆಲ್ಲ ನೀರು ಸಿಗದೆ ಸಾಯುತ್ತದೆ. ತೊಗಟೆ ಉದುರುವುದು ರೋಗವೆಂದು ಹೆದರುವವರು ಇದನ್ನು ತಿಳಿಯಬೇಕು: ಸೀಬೆಯ ಕಾಂಡ ಹಾಳೆಹಾಳೆಯಾಗಿ ಸುಲಿದು ನುಣುಪಾಗುವುದು, ರಂಗನತಿಟ್ಟಿನ ಹೊಳೆಮತ್ತಿಗಳು ದೊಡ್ಡ ಚಕ್ಕಳೆಗಳನ್ನು ಕಳಚಿ ಬೂದುಬಿಳುಪಾಗಿ ನಿಲ್ಲುವುದು ಅವುಗಳ ಸಹಜ ಬೆಳವಣಿಗೆ. ಅದೇ ಕುಲದ ಕರಿಮತ್ತಿ ತೊಗಟೆಯನ್ನು ಕಳಚದೆ ಮೊಸಳೆಯ ಮೈಯಂತೆ ಕಟ್ಟಿಕೊಳ್ಳುತ್ತದೆ. ನಾಗರಹೊಳೆ, ಬಂಡೀಪುರಗಳ ಬೇಸಿಗೆಯ ನೆಲಬೆಂಕಿ ಹಾದುಹೋದ ಮೇಲೂ ಅದು ಚಿಗುರುವುದು ಆ ದಪ್ಪದಿಂದ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕ್ಯಾಂಬಿಯಂ ಸಾಯುತ್ತದೆ. ತೊಗಟೆಯ ದಪ್ಪ ಎರಡರಷ್ಟಾದರೆ ಶಾಖ ಅಲ್ಲಿಗೆ ತಲುಪಲು ಹೆಚ್ಚುಕಡಿಮೆ ನಾಲ್ಕರಷ್ಟು ಹೊತ್ತು ಬೇಕು.

ಕಾರ್ಕನ್ನು ‘ಬೆಂಡು’ ಎಂದು ಅನುವಾದಿಸುವವರ ಬಗ್ಗೆಯೂ ಒಂದು ಮಾತು. ಬಾಸಿಂಗ ಮಾಡುವ ಬೆಂಡು ಕೆರೆಯಂಚಿನ ಗಿಡದ ಕಾಂಡದ ಒಳಗಿನ ಮೆತ್ತನೆಯ ಮರ, ಕಾರ್ಕ್ ಹೊರಮೈಯದು. ಎರಡೂ ಹಗುರ, ಎರಡೂ ತೇಲುತ್ತವೆ, ಹೋಲಿಕೆ ಅಲ್ಲಿಗೆ ಮುಗಿಯಿತು. ಬಾಟಲಿಯ ಬಿರಡೆಯಾಗುವ ಕಾರ್ಕ್ ಪೋರ್ಚುಗಲ್, ಸ್ಪೇನ್ ಮುಂತಾದ ಕಡೆ ಬೆಳೆಯುವ ಕಾರ್ಕ್ ಓಕ್ ಮರದ್ದು. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ಸೆಲ್’ ಎಂದು ಕರೆದದ್ದು ಕಾರ್ಕಿನ ಈ ಖಾಲಿ ಗೂಡುಗಳನ್ನೇ. ಪೋರ್ಚುಗಲ್‌ನಲ್ಲಿ ಮರಕ್ಕೆ ಸುಮಾರು 25 ವರ್ಷ ತುಂಬಿದ ಮೇಲೆ ಮೊದಲ ಸಲ ಕಾರ್ಕ್ ಬಿಡಿಸುತ್ತಾರೆ, ಮುಂದಿನ ಸಲಕ್ಕೆ ಕನಿಷ್ಠ 9 ವರ್ಷ ಕಾಯುತ್ತಾರೆ. ‘ಸುಲಿದರೂ ಬರುತ್ತದೆ’ ಎನ್ನುವವರು ಉದಾಹರಿಸುವುದು ಈ ಮರವನ್ನೇ. ಆದರೆ ಅಲ್ಲಿ ಕೊಡಲಿ ಕಾರ್ಕನ್ನು ದಾಟಿ ಒಳತೊಗಟೆಗೆ ತಾಗದಂತೆ ನೋಡಿಕೊಳ್ಳುವುದೇ ಕೆಲಸದ ಹದ. ನಮ್ಮ ಬೇವು, ಹೊಂಗೆಗಳನ್ನು ಮರದವರೆಗೆ ಸುಲಿಯುವುದಕ್ಕೆ ಅದು ಸಮರ್ಥನೆಯಾಗುವುದಿಲ್ಲ.

ಕೊನೆಯದಾಗಿ, ‘ತೆಂಗಿನ ತೊಗಟೆ’ ಎಂಬ ಪ್ರಯೋಗವನ್ನು ಬಿಡಬೇಕು. ತೆಂಗು, ಅಡಕೆ, ಕಬ್ಬುಗಳಲ್ಲಿ ಕ್ಯಾಂಬಿಯಂ ಇಲ್ಲ, ಆದ್ದರಿಂದ ನಿಜವಾದ ತೊಗಟೆಯೂ ಇಲ್ಲ. ಮಂಡ್ಯದ ರೈತರು ಕಬ್ಬಿಗೆ ಸಿಪ್ಪೆ ಎನ್ನುತ್ತಾರೆಯೇ ಹೊರತು ತೊಗಟೆ ಎನ್ನುವುದಿಲ್ಲ. ಮಾವಿನ ಕಾಂಡಕ್ಕೆ ಮಚ್ಚಿನ ಏಟು ಬಿದ್ದರೆ ಅಂಚಿನ ಕ್ಯಾಂಬಿಯಂ ವರ್ಷಗಳ ಮೇಲೆ ಅದನ್ನು ಮುಚ್ಚುತ್ತದೆ. ತೆಂಗು ಹತ್ತಲು ಕಡಿದ ಕಚ್ಚುಗಳು ಮರ ಇರುವಷ್ಟು ಕಾಲ ಮುಚ್ಚಿಕೊಳ್ಳುವುದಿಲ್ಲ.