ಪೆನ್ಸಿಲ್ಲೂ ಫಾಸಿಲ್ ಆಗಿದ್ದ ಕಾಲ

ಸ್ವಿಟ್ಜರ್ಲೆಂಡಿನ ವೈದ್ಯ ಕಾನ್ರಾಡ್ ಗೆಸ್ನರ್ 1565ರಲ್ಲಿ ಫಾಸಿಲ್‌ಗಳ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ತಂದ. ಅದರೊಳಗೆ ಪೆನ್ಸಿಲ್ಲಿನ ಚಿತ್ರವೂ ಇದೆ! ಫಾಸಿಲ್ ಎಂದೊಡನೆ ಡೈನೋಸಾರಿನ ಮೂಳೆ ನೆನೆಯುವ ನಮಗೆ ಇದು ತಮಾಷೆ ಅನ್ನಿಸಬಹುದು. ಆದರೆ ಲ್ಯಾಟಿನ್ನಿನ ‘ಫಾಸಿಲಿಸ್’ಗೆ ಇದ್ದ ಅರ್ಥ ನೆಲದಿಂದ ಅಗೆದು ತೆಗೆದದ್ದು ಎಂದಷ್ಟೇ. ಪೆನ್ಸಿಲ್ಲಿನ ಗ್ರಾಫೈಟ್ ಗಣಿಯ ಸರಕು, ಸಾಲದೇ? 1546ರಲ್ಲಿ ಜರ್ಮನಿಯ ಅಗ್ರಿಕೋಲ ಬರೆದ ಗ್ರಂಥದಲ್ಲೂ ಉಪ್ಪು, ರತ್ನ, ಜೇಡಿಮಣ್ಣು ಎಲ್ಲವೂ ಫಾಸಿಲ್‌ಗಳೇ.

ಈ ರಾಶಿಯಲ್ಲಿ ‘ನಾಲಿಗೆಕಲ್ಲು’ ಎಂಬುದೊಂದಿತ್ತು. ಗ್ರಹಣದ ಹೊತ್ತಿಗೆ ಆಕಾಶದಿಂದ ಉದುರುತ್ತದೆ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದ. ಸಂತ ಪಾಲನ ಶಾಪದಿಂದ ಕಲ್ಲಾದ ಹಾವಿನ ನಾಲಿಗೆ ಎಂಬ ಕತೆ ಮಾಲ್ಟಾದ್ದು. ವಿಷ ಇಳಿಸುತ್ತದೆಂದು ಶ್ರೀಮಂತರು ಊಟದ ಮೇಜಿನ ಮೇಲೆ ಅದನ್ನು ತೂಗುಹಾಕುತ್ತಿದ್ದರು.

1666ರಲ್ಲಿ ಇಟಲಿಯ ಲಿವೊರ್ನೊ ಕಡಲಲ್ಲಿ ಸಿಕ್ಕ ದೊಡ್ಡ ಶಾರ್ಕ್ ಒಂದರ ತಲೆ ಫ್ಲಾರೆನ್ಸಿಗೆ ಬಂತು. ಕೊಯ್ದು ನೋಡಿದವನು ಡೆನ್ಮಾರ್ಕಿನ ಸ್ಟೆನೊ. ಬಾಯಿಯೊಳಗೆ ಸಾಲುಸಾಲು ನಾಲಿಗೆಕಲ್ಲು! ಇವು ಶಾರ್ಕಿನ ಹಲ್ಲು ಎಂದು ಫಾಬಿಯೊ ಕೊಲೊನ್ನ 1616ರಲ್ಲೇ ಹೇಳಿದ್ದ, ನಿಜ. ಆದರೆ ಹಲ್ಲು ಬಂಡೆಯೊಳಗೆ ಸೇರಿದ್ದಾದರೂ ಹೇಗೆ ಎಂಬುದರ ಬೆನ್ನು ಹತ್ತಿದವನು ಸ್ಟೆನೊ. ಬಂಡೆ ಹಿಂದೊಮ್ಮೆ ಮೆತ್ತನೆಯ ಕೆಸರಾಗಿತ್ತು, ಪದರ ಪದರವಾಗಿ ಕೂತು ಗಟ್ಟಿಯಾಯಿತು ಎಂದು 1669ರಲ್ಲಿ ಬರೆದ. (ಇಂಥ ತಲೆ ಮುಂದೆ ವಿಜ್ಞಾನ ಬಿಟ್ಟು ಬಿಷಪ್ ಆಗಿಹೋಯಿತು.)

ಅಲ್ಲಿಯವರೆಗೆ ಜನ ಮೋಸಹೋದದ್ದಕ್ಕೆ ಕಾರಣ ಶಾರ್ಕಿನ ಮೈಕಟ್ಟಿನಲ್ಲೇ ಇದೆ. ಅದರ ಅಸ್ಥಿಪಂಜರ ಮೃದ್ವಸ್ಥಿ. ಸತ್ತ ಮೇಲೆ ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ಹಲ್ಲು ಮಾತ್ರ ಬದುಕಿದ್ದಾಗಲೇ ಅರ್ಧ ಕಲ್ಲು, ಖನಿಜದಿಂದಲೇ ಕಟ್ಟಿದ್ದು. ಮೇಲಾಗಿ ಒಂದು ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಹೀಗಾಗಿ ಮೀನಿನ ಸುಳಿವೇ ಇಲ್ಲದೆ ಹಲ್ಲುಗಳಷ್ಟೇ ನೆಲದಲ್ಲಿ ಸಿಗುತ್ತಿದ್ದವು. ಇಂಥ ವಸ್ತುಗಳ ಗುಟ್ಟು ಒಂದೊಂದಾಗಿ ಬಯಲಾದಂತೆ, ಫಾಸಿಲ್ ಎಂಬ ಹೆಸರು ನಿಧಾನವಾಗಿ ಹಿಂದೊಮ್ಮೆ ಜೀವವಿದ್ದವುಗಳ ಪಾಲಿಗಷ್ಟೇ ಉಳಿಯಿತು. ನಾವು ಪಳೆಯುಳಿಕೆ ಎನ್ನುವುದು ಇದನ್ನೇ. 18ನೇ ಶತಮಾನದ ‘ಫಾಸಿಲ್ ಇಂಧನ’ ಮಾತ್ರ ಹಳೆಯ ಅರ್ಥದ್ದು: ಕಾಡಿನಿಂದ ಕಡಿದು ತಂದ ಸೌದೆಯಲ್ಲ, ಅಗೆದು ತೆಗೆದ ಕಲ್ಲಿದ್ದಲು.

ನಾಲಿಗೆಕಲ್ಲಿನ ಕತೆಗೆ ನಗುವವರು ನಮ್ಮ ದೇವರಮನೆಯ ಸಾಲಿಗ್ರಾಮವನ್ನೂ ಒಮ್ಮೆ ನೋಡಬೇಕು. ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಚಕ್ರವನ್ನು ವಜ್ರಕೀಟ ಕೊರೆಯಿತು ಎನ್ನುವುದನ್ನು ವಿಜ್ಞಾನವೆಂದು ಹಂಚುತ್ತಾರಲ್ಲ, ಅದಕ್ಕೆ ಸಿಟ್ಟು. ನೇಪಾಳದ ಕಾಳಿ ಗಂಡಕಿಯ ಆ ಕಪ್ಪು ಗುಂಡುಗಳೊಳಗೆ ಇರುವುದು ಅಮೋನೈಟ್. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಾಗರದ ಚಿಪ್ಪುಜೀವಿ. ಒಡೆದ ಗುಂಡಿನ ಎರಡು ಹೋಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೀಟ ಕೊರೆದಿದ್ದರೆ ಎರಡರಲ್ಲೂ ಗುಳಿಯೇ ಇರಬೇಕಿತ್ತು. ಇಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ, ಒಂದು ಹೋಳಿನಲ್ಲಿ ಸುರುಳಿಯ ಗೆರೆಗಳು ಉಬ್ಬಿರುತ್ತವೆ, ಇನ್ನೊಂದರಲ್ಲಿ ಅವೇ ಗೆರೆಗಳು ತಗ್ಗಾಗಿರುತ್ತವೆ.