ಚಿತ್ರ ಬರೆಯಲು ಬರದವರು ಕಾಮಿಕ್ ಪುಸ್ತಕ ಮಾಡಬಹುದಾ?

ಪ್ರಶ್ನೆ: ನನ್ನ ಹತ್ತಿರ ಒಂದು ಕಥೆ ಇದೆ. ಅದು ಕಾಮಿಕ್ ಆಗಿಯೇ ಬರಬೇಕು ಅಂತ ಆಸೆ. ಆದರೆ ನನಗೆ ಚಿತ್ರ ಬರೆಯಲು ಬರುವುದಿಲ್ಲ. ಪ್ರಕಾಶಕರ ಪರಿಚಯವೂ ಇಲ್ಲ. ಸ್ವಂತವಾಗಿ ಮಾಡಬಹುದಾ?

ಖಂಡಿತ ಮಾಡಬಹುದು. ಹಾಗೆ ಮಾಡಿ ತೋರಿಸಿದವರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಹಾರ್ವಿ ಪೀಕರ್ ಒಬ್ಬರು. ಅವರು ಅಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫೈಲ್ ನೋಡಿಕೊಳ್ಳುವ ಗುಮಾಸ್ತರಾಗಿದ್ದರು. ಚಿತ್ರಕಲೆ ಬರುತ್ತಿರಲಿಲ್ಲ. ಪುಟದ ಮೇಲೆ ಚೌಕ ಹಾಕಿ, ಒಳಗೆ ಕಡ್ಡಿ ಮನುಷ್ಯರನ್ನು ಗೀಚಿ, ಪಕ್ಕದಲ್ಲಿ ಮಾತು ಬರೆಯುತ್ತಿದ್ದರು. ಅದನ್ನು ನೋಡಿಕೊಂಡು ರಾಬರ್ಟ್ ಕ್ರಂಬ್ ಮತ್ತು ಇತರ ಕಲಾವಿದರು ಚಿತ್ರ ಬರೆದರು. 1976ರಲ್ಲಿ 'ಅಮೆರಿಕನ್ ಸ್ಪ್ಲೆಂಡರ್' ಎಂಬ ಕಾಮಿಕ್‌ನ ಮೊದಲ ಸಂಚಿಕೆಯನ್ನು ಪೀಕರ್ ಸ್ವಂತ ದುಡ್ಡು ಹಾಕಿ ಹೊರತಂದರು. ಆಫೀಸಿನ ಮಾತು, ಅಂಗಡಿಯ ಕ್ಯೂ, ಮನೆಯ ಬೇಸರ, ಇವೇ ಅದರ ಕಥೆಗಳು. ನಿವೃತ್ತಿಯಾಗುವವರೆಗೂ ಅವರು ಗುಮಾಸ್ತಿಕೆ ಬಿಡಲಿಲ್ಲ.

ಇಲ್ಲಿ ಮುಖ್ಯವಾದದ್ದು ಆ ಕಡ್ಡಿ ಮನುಷ್ಯರು. ಕಥೆಯನ್ನು ಸುಮ್ನೆ ಟೈಪ್ ಮಾಡಿ ಕಲಾವಿದರ ಕೈಗೆ ಕೊಟ್ಟರೆ, ಕಾಮಿಕ್ ಬರೆಯುವ ಕೆಲಸದ ಮುಕ್ಕಾಲು ಪಾಲು ಅವರ ತಲೆಗೆ ಬೀಳುತ್ತದೆ. ಯಾವ ಗಳಿಗೆಯನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವುದು ದೊಡ್ಡದಾಗಿ ಕಾಣಬೇಕು? ಇದನ್ನೆಲ್ಲ ತೀರ್ಮಾನಿಸುವುದೇ ಕಥೆಗಾರರ ಕೆಲಸ. ಅದಕ್ಕೆ ಚೆಂದದ ಗೆರೆ ಬೇಕಿಲ್ಲ.

ಒಂದು ಉದಾಹರಣೆ ನೋಡೋಣ. 'ಅವನು ಎದ್ದು, ಬಾಗಿಲು ತೆಗೆದು, ಹೊರಗೆ ನೋಡಿ ನಕ್ಕ.' ಬರವಣಿಗೆಯಲ್ಲಿ ಇದು ಒಂದೇ ಸಾಲು. ಆದರೆ ಒಂದೇ ಪ್ಯಾನೆಲ್‌ನಲ್ಲಿ, ಅಂದರೆ ಒಂದು ಚೌಕದ ಚಿತ್ರದಲ್ಲಿ, ಇದು ಹಿಡಿಯುವುದಿಲ್ಲ. ಏಳುವುದು, ತೆಗೆಯುವುದು, ನೋಡುವುದು, ನಗುವುದು, ಹೀಗೆ ನಾಲ್ಕು ಕೆಲಸ ಇದೆ. ನಾಲ್ಕನ್ನೂ ಬರೆದರೆ ಓಟ ನಿಧಾನವಾಗುತ್ತದೆ. ಕುರ್ಚಿ ಖಾಲಿ ಇರುವ ಒಂದು ಪ್ಯಾನೆಲ್, ಬಾಗಿಲಲ್ಲಿ ನಗುವ ಮುಖದ ಇನ್ನೊಂದು ಸಾಕು. ಉಳಿದದ್ದನ್ನು ಓದುಗರೇ ನಡುವಿನ ಬಿಳಿ ಜಾಗದಲ್ಲಿ ತುಂಬಿಕೊಳ್ಳುತ್ತಾರೆ. 'ಗಂಡ ಹೆಂಡತಿ ಮಾತು ಬಿಟ್ಟಿದ್ದರು' ಎಂದು ಹೇಳಬೇಕಾ? ಮೇಜಿನ ಮೇಲೆ ಕೆನೆಗಟ್ಟಿದ ಎರಡು ಲೋಟ ಕಾಫಿ ತೋರಿಸಿ. ಮಾತು ಬರೆಯುವ ಬಲೂನೇ ಬೇಡ.

ಪುಟ ತಿರುಗಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ. ಅದರ ಕೊನೆಯ ಪ್ಯಾನೆಲ್‌ನಲ್ಲಿ ಕುತೂಹಲ ಹುಟ್ಟಬೇಕು. ಬೆಚ್ಚಿಬೀಳಿಸುವ ಚಿತ್ರ ಪುಟ ತಿರುಗಿಸಿದ ಮೇಲೆ, ಎಡಗಡೆಯ ಪುಟದಲ್ಲಿ ಸಿಗಬೇಕು. ಅದನ್ನು ಬಲಗಡೆ ಇಟ್ಟರೆ ಎಡಪುಟ ಓದುತ್ತಿರುವಾಗಲೇ ಕಣ್ಣಿಗೆ ಬಿದ್ದು ಗುಟ್ಟು ರಟ್ಟಾಗುತ್ತದೆ.

ಕನ್ನಡದಲ್ಲಿ ಮಾಡುವವರು ಅಕ್ಷರದ ಬಗ್ಗೆ ಮೊದಲೇ ಯೋಚಿಸಬೇಕು. ಇದನ್ನು ಜಾಸ್ತಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊರಗಿನ ಕೈಪಿಡಿಗಳಲ್ಲಿ ಇದು ಸಿಗಲ್ಲ. ಇಂಗ್ಲಿಷ್ ಕಾಮಿಕ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಎಲ್ಲ ಅಕ್ಷರಕ್ಕೂ ಒಂದೇ ಎತ್ತರ, ಹಾಗಾಗಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ತಾಗುತ್ತವೆ. ಪದಗಳೂ ಉದ್ದ. 'ಹೋಗಬೇಕಾಗಿತ್ತಲ್ಲವೇ' ಎಂಬ ಒಂದೇ ಪದ ಸಣ್ಣ ಬಲೂನನ್ನು ತುಂಬಿಬಿಡುತ್ತದೆ. 'ಹೋಗ್ಬೇಕಿತ್ತಲ್ವಾ' ಎಂದರೆ ಅಗಲ ಉಳಿಯುತ್ತದೆ, ಮಾತೂ ಮನೆಮಾತಿನ ಹಾಗೆ ಕೇಳುತ್ತದೆ. ಆದರೆ ಒತ್ತಕ್ಷರ ಹೆಚ್ಚಾಗಿ ಎತ್ತರ ಬೇಕಾಗುತ್ತದೆ! ಆದ್ದರಿಂದ ಚಿತ್ರ ಮುಗಿದ ಮೇಲೆ ಮಾತು ತುರುಕುವುದು ಬೇಡ. ಗೀಚುಚಿತ್ರದ ಹಂತದಲ್ಲೇ ಪೂರ್ತಿ ಮಾತನ್ನು ಕೈಯಲ್ಲಿ ಬರೆದು, ಬಲೂನಿಗೆ ಎಷ್ಟು ಜಾಗ ಬೇಕು ಅಂತ ನೋಡಿಕೊಳ್ಳಿ. ಒಂದು ಬಲೂನಿಗೆ ನಾಲ್ಕು ಸಾಲು ದಾಟಿದರೆ ಮಾತನ್ನೇ ಕತ್ತರಿಸಿ. 'ಧಡ್', 'ಚಿಟಪಟ' ತರಹದ ಸದ್ದುಗಳನ್ನು ಕಂಪ್ಯೂಟರ್ ಅಕ್ಷರದಲ್ಲಿ ಹಾಕಬೇಡಿ. ಕಲಾವಿದರೇ ಕೈಯಾರೆ ಬರೆದರೆ ಸದ್ದು ಚಿತ್ರದ ಒಳಗಿನಿಂದ ಬಂದ ಹಾಗಿರುತ್ತದೆ.

ಗೀಚಿದ ಪುಟಗಳು ಸಿದ್ಧವಾದಾಗ ಕಥೆ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಪಕ್ಕದಲ್ಲಿ ಕೂತು ವಿವರಿಸಬೇಡಿ. ಅವರು ಎಲ್ಲಿ ಹಿಂದಿನ ಪ್ಯಾನೆಲ್‌ಗೆ ಹೋಗಿ ಮತ್ತೆ ನೋಡುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ. ತಿದ್ದಲು ಇದೇ ಸರಿಯಾದ ಸಮಯ. ಪೆನ್ಸಿಲ್ ಚಿತ್ರಕ್ಕೆ ಶಾಯಿ ಹಾಕಿದ ಮೇಲೆ ತಿದ್ದಿಸುವುದು ಕಲಾವಿದರಿಗೆ ಹಿಂಸೆ.

ಈಗ ಕಲಾವಿದರನ್ನು ಹುಡುಕಿ. ಒಂದು ಪುಟಕ್ಕೆ ಪೆನ್ಸಿಲ್, ಶಾಯಿ ಎಲ್ಲ ಸೇರಿ ಒಂದೆರಡು ಪೂರ್ತಿ ದಿನ ಹಿಡಿಯುತ್ತದೆ. 'ಹೆಸರು ಬರುತ್ತೆ, ಬಿಟ್ಟಿ ಮಾಡಿಕೊಡಿ' ಎನ್ನುವುದು ಅನ್ಯಾಯ. ಪುಟಕ್ಕೆ ಎಷ್ಟು, ಯಾವಾಗ, ಹಕ್ಕು ಯಾರದು, ಮುಖಪುಟದಲ್ಲಿ ಇಬ್ಬರ ಹೆಸರೂ ಹೇಗೆ ಬರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ದುಡ್ಡು ಕಡಿಮೆ ಇದ್ದರೆ ಪುಟ ಕಡಿಮೆ ಮಾಡಿ, ಸಂಭಾವನೆ ಕಡಿಮೆ ಮಾಡಬೇಡಿ. ಬಣ್ಣ ಬಿಟ್ಟರೂ ಏನೂ ಕಡಿಮೆಯಾಗಲ್ಲ. ನಿಂಜಾ ಆಮೆಗಳ ಕಾಮಿಕ್ ('ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್') ಈಗ ಲೋಕಪ್ರಸಿದ್ಧ, ಅಲ್ವಾ? 1984ರಲ್ಲಿ ಇಬ್ಬರು ಗೆಳೆಯರು ತಾವೇ ಹೊರತಂದ ಅದರ ಮೊದಲ ಸಂಚಿಕೆಯ ಒಳಪುಟಗಳು ಕಪ್ಪು-ಬಿಳುಪು. ಮೊದಲ ಮುದ್ರಣ ಸುಮಾರು 3,000 ಪ್ರತಿ.

ನೀವು ಇನ್ನೂ ಸಣ್ಣದಾಗಿ ಶುರು ಮಾಡಬಹುದು. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು: 8, 12, 16. ನನ್ನ ಸಲಹೆ ಕೇಳಿದರೆ, ದೊಡ್ಡ ಕಥೆಯನ್ನು ಪಕ್ಕಕ್ಕಿಟ್ಟು ಅದೇ ಪಾತ್ರಗಳ ಒಂದು ದಿನದ ಘಟನೆಯನ್ನು 8 ಪುಟಕ್ಕೆ ಗೀಚಿ. ಎ4 ಹಾಳೆ ಮಡಚಿದರೆ ಎರಡೇ ಹಾಳೆ ಸಾಕು. ಜೆರಾಕ್ಸ್ ಅಂಗಡಿಯಲ್ಲೇ ಐವತ್ತು ಪ್ರತಿ ಮಾಡಿಸಬಹುದು. ನೀವೂ ಕಲಾವಿದರೂ ಜೊತೆಯಾಗಿ ಕೆಲಸ ಮಾಡಬಲ್ಲಿರಾ ಎಂಬುದು ಆ 8 ಪುಟದಲ್ಲೇ ಗೊತ್ತಾಗುತ್ತದೆ.